ಗೋವೆಯ ಒಲೆಯೂ ಕನ್ನಡದ ಒಗ್ಗರಣೆಯೂ

ದೇಶದ ಚರಿತ್ರೆಯನ್ನು ನಾವು ಕೋಟೆಕೊತ್ತಲಗಳಲ್ಲಿಯೂ ಶಿಲಾಶಾಸನಗಳಲ್ಲಿಯೂ ಅರಸುತ್ತೇವೆ. ಅಡಿಗೆಯ ಮನೆಯೂ ಒಂದು ಶಾಸನವೆಂಬುದನ್ನು ಮರೆಯುತ್ತೇವೆ. ಗೋವೆಯಲ್ಲಿ ನೆಲಸಿದ ಕನ್ನಡಿಗರ ಮನೆಗಳಲ್ಲಿ ಇಂದು ಜೋಳದ ರೊಟ್ಟಿಯ ಪಕ್ಕದಲ್ಲಿ ಖತಖತೆಯೂ, ಪುಂಡಿಪಲ್ಯದ ಜೊತೆಗೆ ಸೋಲಕಢಿಯೂ, ಕೆಲವೆಡೆ ಮೀನಿನ ಹುಮಣವೂ ಎಲೆಗೆ ಬೀಳುತ್ತವೆ. “ಇವುಗಳಲ್ಲಿ ನಮ್ಮ ಅಡಿಗೆ ಯಾವುದು?” ಎಂದು ವಿದ್ಯಾರ್ಥಿನಿಯೊಬ್ಬಳು ತರಗತಿಯಲ್ಲಿ ಕೇಳಿದಳು. ಒಡನೆ ಉತ್ತರ ಕೊಡುವುದು ನನ್ನಿಂದಾಗಲಿಲ್ಲ.

ಪಾಕಶಾಸ್ತ್ರವು ಕನ್ನಡಕ್ಕೆ ಹೊಸದಲ್ಲ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅಡಿಗೆಯ ವಿಷಯಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಹದಿನಾರನೆಯ ಶತಮಾನದ ಆದಿಭಾಗದಲ್ಲಿದ್ದ ಮುಮ್ಮಡಿ ಮಂಗರಸನು ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ಬರೆದನು. ಆ ಹಿರಿಯರ ಕಾಲದಲ್ಲಿ ಖಾರವೆಂದರೆ ಮೆಣಸು, ಶುಂಠಿ, ಹಿಪ್ಪಲಿ. ಮೆಣಸಿನಕಾಯಿಯನ್ನು ಅವರು ಕಂಡವರಲ್ಲ.

ಮೆಣಸಿನಕಾಯಿಯ ತವರು ಅಮೆರಿಕ ಖಂಡ. 1510ರಲ್ಲಿ ಆಲ್ಬುಕರ್ಕನು ಗೋವೆಯನ್ನು ಗೆದ್ದ ತರುವಾಯ ಪೋರ್ಚುಗೀಸರ ಹಡಗುಗಳು ಅದನ್ನೂ ಗೇರನ್ನೂ ಅನಾನಸನ್ನೂ ಪಶ್ಚಿಮ ಕರಾವಳಿಗೆ ತಂದವು. ನಮ್ಮ ನುಡಿಯೇ ಇದಕ್ಕೆ ಸಾಕ್ಷಿ. ‘ಬಟಾಟೆ’, ‘ಅನಾನಸು’ ಎಂಬಿವು ಪೋರ್ಚುಗೀಸರ ಬಾಯಿಂದ ಬಂದವು. ಹೊಸ ಕಾಯಿಯು ಮೆಣಸಿನ ಹೆಸರನ್ನೇ ಹೊತ್ತುಕೊಂಡಿತು. ಹಳೆಯ ಮೆಣಸು ‘ಕರಿಮೆಣಸು’, ‘ಒಳ್ಳೆಮೆಣಸು’ ಎಂಬ ವಿಶೇಷಣಗಳನ್ನು ಆಶ್ರಯಿಸಬೇಕಾಯಿತು!

ಬಂದುದೆಲ್ಲವೂ ಇಲ್ಲಿಯ ಕೈಗಳಲ್ಲಿ ರೂಪಾಂತರ ಹೊಂದಿತು. ದ್ರಾಕ್ಷಾಮದ್ಯ ಹಾಗೂ ಬೆಳ್ಳುಳ್ಳಿಯಲ್ಲಿ ಮಾಂಸವನ್ನು ನೆನೆಸುವ ಪೋರ್ಚುಗೀಸರ ಪಾಕವು, ತೆಂಗಿನ ಕಳ್ಳಿನ ಹುಳಿಯನ್ನೂ ಮೆಣಸಿನಕಾಯಿಯನ್ನೂ ಸೇರಿಸಿಕೊಂಡು ‘ವಿಂದಾಲು’ ಆಯಿತು.

ಆದರೆ ಈ ಬೆರಕೆಯೆಲ್ಲವೂ ಸ್ವೇಚ್ಛೆಯಿಂದ ನಡೆದುದೆಂದು ಭಾವಿಸಲಾಗದು. 1560ರಲ್ಲಿ ಗೋವೆಯಲ್ಲಿ ಸ್ಥಾಪಿತವಾದ ಇನ್ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಮಂಡಲಿಯು, 1736ರಲ್ಲಿ ಒಂದು ಶಾಸನ ಹೊರಡಿಸಿ, ಮತಾಂತರಗೊಂಡ ಸ್ಥಳೀಯರು ಹಿಂದೂಗಳಂತೆ ಉಪ್ಪು ಹಾಕದೆ ಅನ್ನ ಬೇಯಿಸಿ, ಆಮೇಲೆ ಉಪ್ಪು ಬೆರೆಸಿಕೊಳ್ಳುವುದನ್ನು ನಿಷೇಧಿಸಿತು. ಒಂದು ಚಿಟಿಕೆ ಉಪ್ಪಿಗೆ ರಾಜಶಕ್ತಿಯೂ ಅಂಜಿತು! ಜನರು ತಾವು ಯಾರೆಂಬುದನ್ನು ಅನ್ನದ ಪಾತ್ರೆಯಲ್ಲಿ ಕಾಪಾಡಿಕೊಳ್ಳುವರೆಂದು ಆ ಅಧಿಕಾರಿಗಳು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಆ ಮಂಡಲಿಯು 1812ರಲ್ಲಿ ಅಳಿಯಿತು, ಅನ್ನ ಉಳಿಯಿತು.

1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆ ಹೊಂದಿದ ಮೇಲೆ ಉತ್ತರ ಕರ್ನಾಟಕದ ದುಡಿಮೆಗಾರರು ಅನೇಕರು ಘಟ್ಟವಿಳಿದು ಬಂದರು. ಅವರ ಗಂಟಿನಲ್ಲಿ ಜೋಳದ ಹಿಟ್ಟಿತ್ತು, ಹಾವೇರಿ ಸೀಮೆಯ ಬ್ಯಾಡಗಿ ಮೆಣಸಿನಕಾಯಿಯಿತ್ತು. ಇಲ್ಲಿಯ ಕೊಂಕಣಿ ಗೃಹಿಣಿಯರೂ ಆ ಕಾಯಿಯನ್ನು ‘ಬೆಡಗಿ’ಯೆಂದು ಆದರಿಸುತ್ತಾರೆ. ಎಂದೋ ಕಡಲಿನಿಂದ ಬಂದ ಪರದೇಶಿಯು ಕನ್ನಡ ನೆಲದಲ್ಲಿ ಬೇರೂರಿ, ಕನ್ನಡದ ಊರಿನ ಹೆಸರನ್ನು ಪಡೆದು, ಮತ್ತೆ ಕಡಲ ತೀರಕ್ಕೆ ಮರಳಿದೆ.

ಆ ಬಾಲಿಕೆಗೆ ನನ್ನ ಉತ್ತರವಿಷ್ಟೆ: ಮಗೂ, ಎಲ್ಲವೂ ನಮ್ಮದೇ. ನೆರೆಯವರ ಹುಮಣವನ್ನು ಸವಿಯುವುದರಿಂದ ನಮ್ಮತನ ಕುಂದದು. ರೊಟ್ಟಿ ತಟ್ಟುವುದನ್ನು ಮರೆತರೆ, ಒಗ್ಗರಣೆ, ಹುರಣ, ಗುರೆಳ್ಳು ಎಂಬ ಮಾತುಗಳು ಮಕ್ಕಳ ನಾಲಗೆಯಿಂದ ಜಾರಿದರೆ ಕುಂದುವುದು. ಆ ಹೊಣೆ ಶಾಲೆಯದಷ್ಟೇ ಅಲ್ಲ, ತಾಯಂದಿರೇ, ತಂದೆಯರೇ, ನಿಮ್ಮ ಒಲೆಯದೂ ಹೌದು.