ಬೀಡಿ-ಸಿಗರೇಟು ಸೇದದವರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಯೇ? ‘ಶೇ 60’ರ ಲೆಕ್ಕ ನಿಜವೇ?

‘ಬಾಬಾಬುಡನ್‌ಗಿರಿಯ ಗಾಳಿ ಕುಡಿದು ಬೆಳೆದವರಿಗೆ ಶ್ವಾಸಕೋಶದ ಕ್ಯಾನ್ಸರ್ ಎಲ್ಲಿಂದ ಬರುತ್ತೆ, ಅದೇನಿದ್ದರೂ ಬೀಡಿ ಸೇದುವವರ ಕಾಯಿಲೆ’ ಎನ್ನುವ ಮಾತು ಒಂದು ಕಡೆ. ‘ಶೇ 60 ಮಹಿಳೆಯರಿಗೆ ಅಡಿನೊಕಾರ್ಸಿನೋಮ’ ಎಂದು ಹೆದರಿಸುವ ಫಾರ್ವರ್ಡ್ ಇನ್ನೊಂದು ಕಡೆ. ಎರಡೂ ದಾರಿ ತಪ್ಪಿಸುತ್ತವೆ.

ಶೇ 60 ಯಾರ ಲೆಕ್ಕ?

ಅಡಿನೊಕಾರ್ಸಿನೋಮ ಎಂದರೆ ಲೋಳೆಯಂಥ ದ್ರವ ಸ್ರವಿಸುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2025ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಪ್ರಕಾರ, 2022ರಲ್ಲಿ ಜಗತ್ತಿನಾದ್ಯಂತ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾದ ಮಹಿಳೆಯರಲ್ಲಿ ಸುಮಾರು ಶೇ 60, ಪುರುಷರಲ್ಲಿ ಶೇ 46 ಮಂದಿಗೆ ಇದ್ದದ್ದು ಈ ಬಗೆ. ಅಂದರೆ ಇದು ರೋಗಿಗಳೊಳಗಿನ ಪಾಲು, ಊರಿನ ಮಹಿಳೆಯರ ಲೆಕ್ಕವಲ್ಲ. (ಮೊದಲ ಸಲ ನಾನೂ ಆ ಸಾಲನ್ನು ಎರಡು ಸಲ ಓದಬೇಕಾಯಿತು.)

ಕಾಫಿ ತೋಟದ ಲೆಕ್ಕದಲ್ಲೇ ನೋಡಿ. ಕಾಂಡಕೊರಕ ಹೊಡೆದು ಕಿತ್ತು ಹಾಕಿದ ಗಿಡಗಳಲ್ಲಿ ಶೇ 60 ನೆರಳು ಕಡಿಮೆ ಇದ್ದ ಕಡೆಯವು ಎಂದರೆ, ತೋಟದ ಶೇ 60 ಗಿಡ ಹೋಯಿತು ಎಂದರ್ಥವೇ? ಭಾರತದಲ್ಲಿ 2022ರಲ್ಲಿ ಅಂದಾಜು 81 ಸಾವಿರ ಜನರಿಗೆ ಹೊಸದಾಗಿ ಶ್ವಾಸಕೋಶದ ಕ್ಯಾನ್ಸರ್ ಬಂದಿತ್ತು. ಎಲ್ಲಾ ಬಗೆ ಸೇರಿ ಲಕ್ಷಕ್ಕೆ ಆರು ಮಂದಿ ಇರಬಹುದು. ಅಮೆರಿಕದಲ್ಲಿ ಇದು ಲಕ್ಷಕ್ಕೆ 60ಕ್ಕೂ ಹೆಚ್ಚು. ಅಲ್ಲಿ ವಯಸ್ಸಾದವರು ಹೆಚ್ಚಿರುವುದೂ ಅದಕ್ಕೆ ಒಂದು ಕಾರಣ.

ಹಾಗಾದರೆ ಸೇದದವರು ಸುರಕ್ಷಿತರೇ?

ಅಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಧದಷ್ಟು ರೋಗಿಗಳು ಧೂಮಪಾನ ಮಾಡದವರೇ. ಹಾಗೆಂದು ಸಿಗರೇಟು ನಿರಪರಾಧಿಯಲ್ಲ, ಸೇದುವವರಿಗೆ ಅಪಾಯ 15ರಿಂದ 30 ಪಟ್ಟು ಹೆಚ್ಚು. ಇನ್ನು ‘ಶುದ್ಧ ಗಾಳಿ’ಯ ಮಾತು: ಗಿರಿಯ ಮೇಲಿನ ಗಾಳಿ ಚೆನ್ನಾಗಿರಬಹುದು, ಕಿಟಕಿಯಿಲ್ಲದ ಅಡುಗೆಮನೆಯ ಸೌದೆ ಒಲೆಯ ಗಾಳಿ? ಮನೆಯೊಳಗಿನ ಸೌದೆ ಹೊಗೆ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಪಟ್ಟಿಯಲ್ಲಿದೆ. ಬಚ್ಚಲ ಹಂಡೆಯ ಒಲೆಗೂ ಇದೇ ಮಾತು.

ದೇಶದಿಂದ ದೇಶಕ್ಕೆ ಏನು ವ್ಯತ್ಯಾಸ?

ಇಜಿಎಫ್‌ಆರ್ ಎಂಬ ಜೀನ್‌ನಲ್ಲಾಗುವ ಬದಲಾವಣೆ ಪೂರ್ವ ಏಷ್ಯಾದ ಅಡಿನೊಕಾರ್ಸಿನೋಮ ರೋಗಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಲ್ಲಿ ಕಾಣುತ್ತದೆ. ಯುರೋಪಿನಲ್ಲಿ ಶೇ 10-15. ಭಾರತ ಇವೆರಡರ ನಡುವೆ. ಈ ಬದಲಾವಣೆ ಸಾಮಾನ್ಯವಾಗಿ ಗೆಡ್ಡೆಯೊಳಗೆ ಹುಟ್ಟುವಂಥದ್ದು, ವಂಶದಿಂದ ಬಂದದ್ದಲ್ಲ, ಹಾಗಾಗಿ ಮನೆಮಂದಿಯೆಲ್ಲ ಹೆದರಬೇಕಿಲ್ಲ. ಇದು ಸೇದದವರಲ್ಲಿ, ಮಹಿಳೆಯರಲ್ಲಿ ಹೆಚ್ಚು. ಗೆಡ್ಡೆಯ ಚೂರನ್ನು ಪರೀಕ್ಷಿಸಿ ಇದು ಪತ್ತೆಯಾದರೆ ಗೆಫಿಟಿನಿಬ್, ಒಸಿಮರ್ಟಿನಿಬ್‌ನಂಥ ಮಾತ್ರೆಗಳಿವೆ.

ಆದರೆ ಪರೀಕ್ಷೆಯವರೆಗೆ ತಲುಪಬೇಕಲ್ಲ! ಎಕ್ಸ್‌ರೇಯಲ್ಲಿ ಕ್ಯಾನ್ಸರ್ ಕೆಲವೊಮ್ಮೆ ಟಿಬಿಯಂತೆಯೇ ಕಾಣುತ್ತದೆ, ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿದ ಮೇಲೆ ನಿಜ ಗೊತ್ತಾಗುವುದುಂಟು. ಕೆಮ್ಮು ಮೂರು ವಾರ ದಾಟಿದರೆ ವೈದ್ಯರಿಗೆ ತೋರಿಸಿ, ಕಫದಲ್ಲಿ ರಕ್ತ ಕಂಡರೆ ಅಷ್ಟು ದಿನವೂ ಕಾಯಬೇಡಿ. ಕಫದಲ್ಲಿ ಟಿಬಿ ಪತ್ತೆಯಾಗದೆ, ಮಾತ್ರೆಗೂ ಜಗ್ಗದಿದ್ದರೆ ಸಿಟಿ ಸ್ಕ್ಯಾನ್ ಬೇಕೇ ಎಂದು ನೀವೇ ಕೇಳಿ, ಅಮ್ಮ ಒಂದು ದಿನವೂ ಬೀಡಿ ಮುಟ್ಟಿಲ್ಲದಿದ್ದರೂ ಸರಿ.