ಕರಗುವ ದಡ

ಕೆನಡಾದ ಮ್ಯಾನಿಟೋಬಾ ಪ್ರಾಂತದ ಉತ್ತರಭಾಗದಲ್ಲಿ ಸದರ್ನ್ ಇಂಡಿಯನ್ ಎಂಬ ವಿಶಾಲ ಸರೋವರವಿದೆ. ಚರ್ಚಿಲ್ ನದಿಯನ್ನು ನೆಲ್ಸನ್ ನದಿಯ ವಿದ್ಯುದಾಗಾರಗಳತ್ತ ತಿರುಗಿಸಲು ಅದರ ನೀರನ್ನು ಸುಮಾರು 10 ಮೀಟರ್ ಏರಿಸಬೇಕೆಂದು ಮೊದಲ ಯೋಜನೆ. 1969ರಲ್ಲಿ ಜನರ ವಿರೋಧವೆದ್ದಿತು, ಸರ್ಕಾರವೇ ಬದಲಾಯಿತು. ಕೊನೆಗೆ 1976ರಲ್ಲಿ ಏರಿಸಿದ್ದು 3 ಮೀಟರ್ ಮಾತ್ರ. ಸೌಮ್ಯವಾದ ರಾಜಿಯೆಂದೇ ಯಾರಿಗಾದರೂ ತೋರಬೇಕು.

ಹಳೆಯ ಮಟ್ಟದಲ್ಲಿ ಅಲೆಗಳು ಸಾವಿರಾರು ವರ್ಷಗಳಿಂದ ಮಣ್ಣನ್ನು ತೊಳೆದು, ದಡದ ಬಹುಪಾಲಿನಲ್ಲಿ ಬಂಡೆಯನ್ನು ಮುಟ್ಟಿ ತಣ್ಣಗಾಗಿದ್ದವು. ಏರಿದ ನೀರಿಗೆ ಎದುರಾದದ್ದು ಬಂಡೆಯ ಮೇಲಣ ಹೆಪ್ಪುಗಟ್ಟಿದ ಜೇಡಿಮಣ್ಣು. ಹಿಮವೇ ಆ ಮಣ್ಣಿನ ಗಾರೆ! ಬೇಸಿಗೆಯ ಅಲೆ ಬುಡವನ್ನು ಕರಗಿಸಿ ಪೊಟರೆ ಕೊರೆಯುತ್ತದೆ. ಮೇಲಿನ ನೆಲ ಮರಗಳ ಸಮೇತ ಕುಸಿಯುತ್ತದೆ. ಕುಸಿದುದನ್ನು ಒಯ್ದು ಅಲೆ ಮತ್ತೆ ಹೊಸ ಹೆಪ್ಪಿಗೆ ಕೈಹಾಕುತ್ತದೆ. ಇನ್ನೊಮ್ಮೆ ಬಂಡೆ ಸಿಕ್ಕುವವರೆಗೆ ಈ ಸವೆತಕ್ಕೆ ಬಿಡುವಿಲ್ಲ.

ತೀರದ ಕ್ರೀ ಜನರು ಬಿಳಿಮೀನು ಹಿಡಿದು ಮಾರಿ ಸ್ವಂತ ದುಡಿಮೆಯಿಂದ ಬಾಳಿದವರು. ಅವರ ಊರನ್ನೇ ಬೇರೆಡೆಗೆ ಸಾಗಿಸಲಾಯಿತು. ನೀರು ಕದಡಿತು, ಉತ್ತಮ ದರ್ಜೆಯ ಮೀನು ಕಡಿಮೆಯಾಯಿತು, ಮುಳುಗಿದ ನೆಲದ ಪಾದರಸ ಮೀನಿನ ಮೈಸೇರಿತು. ಉರುಳಿದ ಮರಗಳು ಸಿಕ್ಕುಸಿಕ್ಕಾಗಿ ಬಿದ್ದ ದಡದಲ್ಲಿ, ಗಾಳಿ ಎದ್ದಾಗ ದೋಣಿ ಹಚ್ಚುವ ಎಡೆಯೂ ದುರ್ಲಭವಾಯಿತು.