ಕಡತದಿಂದ ಆ್ಯಪ್‌ವರೆಗೆ: ಹಳ್ಳಿಯ ಲೆಕ್ಕ ಬರೆದವರ ಕಥೆ

2024ರ ಸೆಪ್ಟೆಂಬರ್ 26ರಿಂದ ಕರ್ನಾಟಕದ ಗ್ರಾಮ ಆಡಳಿತ ಅಧಿಕಾರಿಗಳು ಅನಿರ್ದಿಷ್ಟಾವಧಿ ಮುಷ್ಕರ ಹೂಡಿದರು. ನಾವೆಲ್ಲ ಇವತ್ತಿಗೂ ‘ವಿಲೇಜ್ ಅಕೌಂಟೆಂಟ್’ ಎಂದೇ ಕರೆಯುವ ನೌಕರರು ಇವರು. ಸಂಬಳ, ಬಡ್ತಿಯ ಬೇಡಿಕೆಗಳು ಎಲ್ಲ ಮುಷ್ಕರಗಳಲ್ಲಿಯೂ ಇರುತ್ತವೆ. ಈ ಮುಷ್ಕರದಲ್ಲಿ ಹೊಸದಾಗಿದ್ದದ್ದು ಮೊಬೈಲ್ ಫೋನಿನ ಮಾತು. ಹದಿನೇಳಕ್ಕೂ ಹೆಚ್ಚು ಆ್ಯಪ್‌ ಮತ್ತು ತಂತ್ರಾಂಶಗಳಲ್ಲಿ ಕೆಲಸ ಮಾಡಬೇಕಾಗಿದೆ, ಅದಕ್ಕೆ ಬೇಕಾದ ಫೋನು, ಲ್ಯಾಪ್‌ಟಾಪು, ಇಂಟರ್ನೆಟ್ಟು ಕೊಟ್ಟಿಲ್ಲ, ಒತ್ತಡ ತಡೆಯಲಾಗುತ್ತಿಲ್ಲ ಎಂದು ಅವರು ದೂರಿದರು. 2025ರ ಫೆಬ್ರುವರಿ 10ರಿಂದ ಎರಡನೆಯ ಸಲವೂ ಮುಷ್ಕರ ನಡೆಯಿತು.

ಇತಿಹಾಸದ ವಿದ್ಯಾರ್ಥಿಯಾದ ನನಗೆ ಈ ಸುದ್ದಿ ಬೇರೆ ಕಾರಣಕ್ಕೆ ಮನಸ್ಸಿನಲ್ಲಿ ಉಳಿಯಿತು. ಹಳ್ಳಿಯ ಲೆಕ್ಕ ಬರೆಯುವುದು ನಮ್ಮಲ್ಲಿ ಸಾವಿರ ವರ್ಷದ ಉದ್ಯೋಗ. ಬರೆಯುವ ಸಾಧನ ಹಲವು ಸಲ ಬದಲಾಗಿದೆ. ಸಾಧನ ಬದಲಾದಾಗಲೆಲ್ಲ ಕೆಲಸದ ಹೊರೆ ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ಕೇಳಿಕೊಂಡರೆ, ಈ ಮುಷ್ಕರ ಬೇರೆಯೇ ಬೆಳಕಿನಲ್ಲಿ ಕಾಣುತ್ತದೆ. ನನಗೆ ಪರಿಚಿತವಾದ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಸೀಮೆಯನ್ನೇ ಇಟ್ಟುಕೊಂಡು ಅದನ್ನು ನೋಡುತ್ತೇನೆ.

ಈ ಸೀಮೆಯ ಅತ್ಯಂತ ಹಳೆಯ ಭೂದಾಖಲೆಗಳು ಕಲ್ಲಿನ ಮೇಲಿವೆ. ಬಿ. ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟ ಪೂರ್ತಿ ಹಾಸನ ಜಿಲ್ಲೆಯ ಶಾಸನಗಳದ್ದು. ಅವುಗಳಲ್ಲಿ ದಾನಶಾಸನಗಳೇ ಬಹಳ. ಯಾವ ಊರಿನ ಯಾವ ಕೆರೆಯ ಕೆಳಗೆ ಎಷ್ಟು ಗದ್ದೆ, ನಾಲ್ಕು ದಿಕ್ಕಿಗೆ ಎಲ್ಲೆ ಯಾವುದು, ಕೊಟ್ಟವರು ಯಾರು, ಪಡೆದವರು ಯಾರು ಎಂಬುದನ್ನೆಲ್ಲ ಬರೆದು, ಕೊನೆಗೆ ಇದನ್ನು ಅಪಹರಿಸಿದವನು ಹುಳುವಾಗಿ ಹುಟ್ಟುತ್ತಾನೆಂಬ ಶಾಪ ಹಾಕುವುದು ರೂಢಿ. ಹೊಯ್ಸಳರ ಕಾಲದ ಎಷ್ಟೋ ಶಾಸನಗಳಲ್ಲಿ ‘ಸೇನಬೋವ’ ಎಂಬ ಮಾತು ಬರುತ್ತದೆ. ಊರಿನ ಲೆಕ್ಕ ಬರೆಯುವವನ ಹೆಸರು ಅದು. ಇದೇ ಮುಂದೆ ಶಾನುಭೋಗ ಎಂದಾಯಿತು. ಕಲ್ಲಿನ ದಾಖಲೆಗೆ ಒಂದು ಅನುಕೂಲವಿತ್ತು: ಬರೆದು ಮುಗಿದರೆ ಮುಗಿಯಿತು. ಪ್ರತಿವಾರ ತಿದ್ದಿ ಮೇಲಕ್ಕೆ ಕಳಿಸು ಎಂದು ಸೇನಬೋವನಿಗೆ ಯಾರೂ ಹೇಳುವಂತಿರಲಿಲ್ಲ.

ದಿನನಿತ್ಯದ ಲೆಕ್ಕಕ್ಕೆ ಇದ್ದದ್ದು ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಒರೆಸಿ ಮತ್ತೆ ಬರೆಯಬಹುದಿತ್ತು. ಕಡತ ಶಾನುಭೋಗರ ಮನೆಯಲ್ಲಿರುತ್ತಿತ್ತು. ಹುದ್ದೆ ತಂದೆಯಿಂದ ಮಗನಿಗೆ ಬರುತ್ತಿತ್ತು. ಯಾರ ಹೊಲ ಯಾರದ್ದು ಎಂಬುದು ಅವರಿಗಷ್ಟೇ ಗೊತ್ತಿತ್ತು. ಕೆಲಸದ ವೇಗವನ್ನು ನಿರ್ಧರಿಸುವವರೂ ಅವರೇ. ಅವರ ಜಗುಲಿಯ ಮುಂದೆ ಕೈಕಟ್ಟಿ ನಿಲ್ಲುವುದು ರೈತನ ಪಾಲಿಗೆ ಬರುತ್ತಿತ್ತು. ಅಂದರೆ ಆ ವ್ಯವಸ್ಥೆಯಲ್ಲೂ ಒತ್ತಡ ಇತ್ತು, ಅದನ್ನು ಹೊತ್ತವನು ಬೇರೆಯವನು. ಹಳೆಯ ಶಾನುಭೋಗಿಕೆಯನ್ನು ನೆನೆದು ನಿಟ್ಟುಸಿರು ಬಿಡುವವರು ಇದನ್ನು ಮರೆಯಬಾರದು.

ಮೈಸೂರು ಸಂಸ್ಥಾನದಲ್ಲಿ ಬ್ರಿಟಿಷ್ ಕಮಿಷನರುಗಳ ಆಡಳಿತವಿದ್ದಾಗ, 1863ರಲ್ಲಿ, ಕಂದಾಯ ಮೋಜಣಿ ಶುರುವಾಯಿತು. ಮೋಜಣಿಯ ಸರಪಳಿ 33 ಅಡಿ ಉದ್ದದ್ದು, ಅದಕ್ಕೆ 16 ಆಣೆಯ ಭಾಗಗಳು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಜಾಗವೇ ಒಂದು ಗುಂಟೆ, ಅಂದರೆ 1089 ಚದರ ಅಡಿ. ಅಂಥ 40 ಗುಂಟೆಗೆ ಒಂದು ಎಕರೆ. ಇವತ್ತು ನಿವೇಶನ ಕೊಳ್ಳುವಾಗಲೂ ನಾವು ಆ ಕಬ್ಬಿಣದ ಸರಪಳಿಯ ಲೆಕ್ಕದಲ್ಲೇ ಮಾತಾಡುತ್ತೇವೆ. ಮೋಜಣಿಯಿಂದ ಹೊಲಕ್ಕೆ ಸರ್ವೆ ನಂಬರು ಬಂತು, ನಕ್ಷೆ ಬಂತು. ಶಾನುಭೋಗರ ತಲೆಯೊಳಗೆ ಇದ್ದದ್ದು ಕಾಗದಕ್ಕೆ ಇಳಿಯಿತು. ದೂರದ ಕಚೇರಿಯೊಂದು ಹಳ್ಳಿಯ ಹೊಲವನ್ನು ಕಂಡದ್ದು ಆಗ.

ಮುಂದಿನ ದೊಡ್ಡ ಬದಲಾವಣೆ ತಂದದ್ದು ಕಾನೂನು. ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1961ರದ್ದು, ಜಾರಿಗೆ ಬಂದದ್ದು 1963ರ ಫೆಬ್ರುವರಿ 1ರಂದು. ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ ಹೋದವು. ಸಂಬಳ ಪಡೆಯುವ, ವರ್ಗಾವಣೆಯಾಗುವ ಗ್ರಾಮ ಲೆಕ್ಕಿಗ ಬಂದ. ಮೂರು ನಾಲ್ಕು ಹಳ್ಳಿಗೆ ಒಬ್ಬ. ಪಹಣಿ ಪುಸ್ತಕ ಅವನ ಕೈಯಲ್ಲಿತ್ತು. ಒಡೆತನದ ಒಂಬತ್ತನೆಯ ಕಾಲಂ, ಋಣದ ಹನ್ನೊಂದನೆಯ ಕಾಲಂ ಎಂದರೆ ಇವತ್ತಿಗೂ ರೈತರಿಗೆ ಅರ್ಥವಾಗುತ್ತದೆ. ಜಾತಿಯ ಬಿಗಿ ಸಡಿಲಿತು, ಆದರೆ ಜಗುಲಿಯ ಮುಂದೆ ನಿಲ್ಲುವುದು ಪೂರ್ತಿ ತಪ್ಪಲಿಲ್ಲ.

ಅದನ್ನು ತಪ್ಪಿಸಲು ಬಂದದ್ದು ‘ಭೂಮಿ’ ಯೋಜನೆ. 2000ದ ಆಸುಪಾಸಿನಲ್ಲಿ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು, ಸುಮಾರು 67 ಲಕ್ಷ ರೈತರ ವಿವರಗಳು ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಹೋಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಸಿಕ್ಕಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕಾಯಿತು; ಮಾಡಿದವರ ಬೆರಳಚ್ಚು ದಾಖಲಾಯಿತು. ಹಳ್ಳಿಮೈಸೂರಿನ ರೈತ ಹೊಳೆನರಸೀಪುರಕ್ಕೆ, ಕೊಣನೂರಿನ ರೈತ ಅರಕಲಗೂಡಿಗೆ ಬಸ್ಸು ಹತ್ತಿ ಹೋಗಬೇಕಾಯಿತು ನಿಜ. ಆದರೆ ಹೋದ ದಿನವೇ ಕಾಗದ ಹಿಡಿದು ವಾಪಸು ಬರಬಹುದಾಯಿತು. ಇದು ಸಣ್ಣ ಬಿಡುಗಡೆಯಲ್ಲ. ಡಿಜಿಟಲ್ ವ್ಯವಸ್ಥೆಯ ವಿಮರ್ಶೆ ಮಾಡುವಾಗ ನಾನು ಇದನ್ನು ಮೊದಲು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ.

ಇದಾದ ಮೇಲೆ ಆಡಳಿತಕ್ಕೆ ವೇಗದ ರುಚಿ ಹತ್ತಿತು. 2012ರಲ್ಲಿ ‘ಸಕಾಲ’ ಬಂತು. ಪ್ರತಿ ಸೇವೆಗೂ ಇಷ್ಟು ದಿನ ಎಂಬ ಗಡುವು. ಮೀರಿದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಅದು ತಪ್ಪು ಮಾಡಿದ ನೌಕರನ ಸಂಬಳದಿಂದ. ಮೊದಲ ಸಲ ಕಚೇರಿಯ ವಿಳಂಬಕ್ಕೆ ಬೆಲೆ ಕಟ್ಟಲಾಯಿತು. ಇದೂ ನ್ಯಾಯವೇ. ಆಮೇಲೆ ಕಂಪ್ಯೂಟರು ತಾಲ್ಲೂಕು ಕಚೇರಿಯಿಂದ ನೌಕರನ ಜೇಬಿಗೆ ಇಳಿಯಿತು. ಬೆಳೆ ಸಮೀಕ್ಷೆಗೆ ಒಂದು ಆ್ಯಪ್, ಬಗರ್‌ಹುಕುಂಗೆ ಒಂದು, ಪಹಣಿಗೆ ಆಧಾರ್ ಜೋಡಿಸಲು ಒಂದು, ಸರ್ಕಾರಿ ಜಮೀನಿನ ಮುಂದೆ ನಿಂತು ಜಾಗ ಗುರುತಿಸಲು ‘ಲ್ಯಾಂಡ್ ಬೀಟ್’. ಹೊಸ ಯೋಜನೆ ಘೋಷಣೆಯಾದರೆ ಅದರ ಬೆನ್ನಿಗೇ ಹೊಸ ಆ್ಯಪ್.

ಆಡಳಿತದ ಪರಿಭಾಷೆಯಲ್ಲಿ ಇದಕ್ಕೆ ಚುರುಕುತನ ಎನ್ನುತ್ತಾರೆ. ಬೆಂಗಳೂರಿನ ಪರದೆಯ ಮೇಲೆ ಹಿರೀಸಾವೆ ಹೋಬಳಿಯಲ್ಲಿ ಎಷ್ಟು ಬಾಕಿ, ದೊಡ್ಡಮಗ್ಗೆ ಹೋಬಳಿಯಲ್ಲಿ ಎಷ್ಟು ಬಾಕಿ ಎಂಬುದು ಕೂಡಲೇ ಕಾಣುತ್ತದೆ. ಆದರೆ ಆ ಅಂಕಿ ಬದಲಾಗಬೇಕಾದರೆ ಯಾರೋ ಒಬ್ಬರು ಬೈಕು ಹತ್ತಿ, ನೆಟ್‌ವರ್ಕ್ ಸಿಗುವ ದಿಣ್ಣೆ ಹುಡುಕಿ, ಒಂದೊಂದೇ ಸರ್ವೆ ನಂಬರಿನ ಮುಂದೆ ನಿಂತು ಫೋಟೊ ತೆಗೆಯಬೇಕು. ಪಹಣಿಯಲ್ಲಿ ಜವರೇಗೌಡ, ಆಧಾರಿನಲ್ಲಿ ಜವರಪ್ಪ ಎಂದಿದ್ದರೆ ಯಂತ್ರ ಒಪ್ಪುವುದಿಲ್ಲ. ತೀರಿಕೊಂಡ ತಾತನ ಹೆಸರಿನಲ್ಲೇ ಉಳಿದ ಪಹಣಿಗೆ ಯಾರ ಆಧಾರ್ ಜೋಡಿಸುವುದು? ಬೆಳೆನಷ್ಟದ ಹಣ ನಿಂತುಹೋದ ರೈತ ಪರದೆಯನ್ನು ಕೇಳಲಾರ. ಎದುರಿಗೆ ಸಿಗುವ ನೌಕರನನ್ನೇ ಕೇಳುತ್ತಾನೆ. ಮೇಲಿನಿಂದ ವಾಟ್ಸಾಪ್ ಗುಂಪಿನಲ್ಲಿ ‘ಪ್ರಗತಿ ಶೂನ್ಯ’ ಎಂಬ ಪಟ್ಟಿ, ಕೆಳಗಿನಿಂದ ರೈತನ ಸಿಟ್ಟು. ಎರಡೂ ಬಂದು ಸೇರುವುದು ಒಂದೇ ಫೋನಿನಲ್ಲಿ. ಕೆಲಸ ಮಾಯವಾಗಲಿಲ್ಲ, ಕೊನೆಯ ಕೊಂಡಿಗೆ ಬಂದು ಕೂತಿತು.

ಹಾಗಾದರೆ ಡಿಜಿಟಲ್ ಕೆಲಸವೆಂದರೆ ಹೀಗೇ ಇರಬೇಕೆ? ಹಾಸನದವರು ಇದಕ್ಕೆ ಉತ್ತರವನ್ನು ತಮ್ಮ ಊರಿನಲ್ಲೇ ನೋಡಬಹುದು. ಸಾಲಗಾಮೆ ರಸ್ತೆಯಲ್ಲಿ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರವಿದೆ, ಎಂಸಿಎಫ್. 1982ರ ಏಪ್ರಿಲ್ 10ರಂದು ಹಾರಿದ ಇನ್ಸಾಟ್-1ಎಗಾಗಿ ಆರಂಭವಾದದ್ದು. ಆ ಉಪಗ್ರಹ ಅದೇ ವರ್ಷ ಸೆಪ್ಟೆಂಬರಿನಲ್ಲೇ ಕೈಕೊಟ್ಟಿತು, ಕೇಂದ್ರ ಉಳಿಯಿತು. ಅಲ್ಲಿಂದ ಇಲ್ಲಿಯವರೆಗೆ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಹಗಲೂ ರಾತ್ರಿ ಕಾಯುವ ಕೆಲಸ ಅಲ್ಲಿ ನಡೆದಿದೆ. ಯಂತ್ರ ಒಂದು ಕ್ಷಣವೂ ಮಲಗುವುದಿಲ್ಲ. ಮನುಷ್ಯರು ಮಾತ್ರ ಪಾಳಿಯಲ್ಲಿ ಬರುತ್ತಾರೆ, ಮುಂದಿನವರಿಗೆ ಹೊಣೆ ಒಪ್ಪಿಸಿ ಮನೆಗೆ ಹೋಗುತ್ತಾರೆ. ಒಂದೇ ಕೇಂದ್ರದ ಮೇಲೆ ಭಾರ ಬೀಳಬಾರದೆಂದು 2005ರಲ್ಲಿ ಭೋಪಾಲದಲ್ಲಿ ಎರಡನೆಯದನ್ನೂ ತೆರೆದರು.

ಉಪಗ್ರಹ ಕಾಯುವುದಕ್ಕೂ ಪಹಣಿ ತಿದ್ದುವುದಕ್ಕೂ ಹೋಲಿಕೆ ಏನು ಎಂದು ನೀವು ಕೇಳಬಹುದು. ಹಣದಲ್ಲಿ, ತರಬೇತಿಯಲ್ಲಿ ಹೋಲಿಕೆಯಿಲ್ಲ. ಆದರೆ ಎರಡೂ ಎಂದೂ ಮುಚ್ಚದ ಯಂತ್ರಗಳ ಜೊತೆಗಿನ ಕೆಲಸ. ಎಂಸಿಎಫ್ ಕಟ್ಟಿದವರು ಯಂತ್ರಕ್ಕೆ ನಿದ್ದೆಯಿಲ್ಲ ಎಂಬುದನ್ನು ಮೊದಲೇ ಲೆಕ್ಕ ಹಾಕಿ ಜನರನ್ನು ನೇಮಿಸಿದರು. ಕಂದಾಯದ ಆ್ಯಪ್‌ಗಳನ್ನು ಕಟ್ಟುವಾಗ ಕೈ ಅದೇ ಇರಲಿ, ಯಂತ್ರ ಮಾತ್ರ ಹೆಚ್ಚಲಿ ಎಂಬಂತಾಯಿತು. ಒತ್ತಡ ಹುಟ್ಟುವುದು ತಂತ್ರಜ್ಞಾನದಿಂದಲ್ಲ, ಪಾಳಿ ಬದಲಾಗದ ಈ ಏರ್ಪಾಟಿನಿಂದ ಎಂದು ನನಗೆ ಅನ್ನಿಸುತ್ತದೆ.

ಬೇರೆ ಕಡೆಯೂ ಈ ಪ್ರಶ್ನೆ ಎದ್ದಿದೆ. ಕೆಲಸದ ವೇಳೆ ಮುಗಿದ ಮೇಲೆ ಸಂದೇಶಗಳಿಂದ ದೂರ ಇರುವ ಹಕ್ಕು ಫ್ರಾನ್ಸಿನಲ್ಲಿ 2017ರ ಜನವರಿಯಿಂದ ಕಾನೂನಿನಲ್ಲಿದೆ. ಆಸ್ಟ್ರೇಲಿಯಾದಲ್ಲಿ ಅಂಥದ್ದೇ ಹಕ್ಕು ಜಾರಿಗೆ ಬಂದದ್ದು 2024ರ ಆಗಸ್ಟ್ 26ರಂದು, ನಮ್ಮ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡುವುದಕ್ಕೆ ಸರಿಯಾಗಿ ಒಂದು ತಿಂಗಳು ಮೊದಲು. ಅಲ್ಲಿಯವರೂ ಇಲ್ಲಿಯವರೂ ಕೇಳಿದ್ದು ಹೆಚ್ಚುಕಡಿಮೆ ಒಂದನ್ನೇ: ದಿನದ ಕೆಲಸಕ್ಕೆ ಒಂದು ಅಂಚು.

ಹೊಯ್ಸಳರ ಕಾಲದ ಎಷ್ಟೋ ಶಾಸನಗಳ ಕೊನೆಯ ಸಾಲಿನಲ್ಲಿ ಬರೆದವನ ಹೆಸರು, ಕೆತ್ತಿದವನ ಹೆಸರು ಸಿಗುತ್ತವೆ. ನಾನು ಓದಿದ ಶಾಸನಗಳಲ್ಲಿ ರಾಜನ ಬಿರುದುಗಳಿಗಿಂತ ಆ ಹೆಸರುಗಳೇ ನನಗೆ ಹೆಚ್ಚು ನೆನಪಿವೆ. ಇವತ್ತಿನ ಪಹಣಿಯ ಹಿಂದೆಯೂ ಒಂದು ಲಾಗಿನ್, ಒಂದು ಬೆರಳಚ್ಚು ಇರುತ್ತದೆ. ತಪ್ಪಾದಾಗ ಯಾರನ್ನು ಹಿಡಿಯಬೇಕು ಎಂದು ಹುಡುಕುವಾಗ ಮಾತ್ರ ನಾವು ಅದನ್ನು ತೆಗೆದು ನೋಡುತ್ತೇವೆ. ಆ ಬೆರಳು ದಿನಕ್ಕೆ ಎಷ್ಟು ಸಲ, ಎಷ್ಟು ಗಂಟೆಯವರೆಗೆ, ಎಷ್ಟು ಆ್ಯಪ್‌ಗಳ ಮೇಲೆ ಓಡಾಡಿತು ಎಂಬುದೂ ಅದೇ ಯಂತ್ರದಲ್ಲಿ ದಾಖಲಾಗಿರುತ್ತದೆ. ಬಾಕಿ ಅರ್ಜಿಗಳ ಪಟ್ಟಿಯ ಪಕ್ಕದಲ್ಲಿ ಆ ಅಂಕಿಯನ್ನೂ ಅಚ್ಚು ಹಾಕಿ, ಜಿಲ್ಲೆಯ ಪ್ರಗತಿ ಪರಿಶೀಲನಾ ಸಭೆಯ ಮೇಜಿನ ಮೇಲೆ ಇಡುವುದು ಕಷ್ಟದ ಕೆಲಸವೇನಲ್ಲ.